ವರ್ಗಕ್ಕೆ ಹದಿನಾರು ಕಡಿಮೆ

ಮಾರ್ಚ್ ೫, ಬುಧವಾರ

ಮಾತಾಡುವಂತಿಲ್ಲ. ಪಿಸುಗುಟ್ಟುವಂತೆಯೂ ಇಲ್ಲ, ಪಿಸುಮಾತು ಗಂಟಲಿಗೆ ಮಾತಿಗಿಂತ ಭಾರವಂತೆ. ಹಾಗಾಗಿ ಬರೆಯುತ್ತಿದ್ದೇನೆ.

ಕತ್ತಿನ ಗಂಟು ತೆಗೆದರು. ಕೆಟ್ಟ ಗಂಟಲ್ಲ ಎಂದು ವರದಿ ಬಂದಿದೆ. ಎಲ್ಲರೂ ನಿಟ್ಟುಸಿರು ಬಿಟ್ಟರು. ನಾನು ಏನೋ ಹೇಳಲು ಹೋದೆ. ಗಾಳಿ ಬಂತು, ದನಿ ಬರಲಿಲ್ಲ. ಡಾಕ್ಟರು ಮಂಚದ ಅಂಚಿಗೆ ಕೂತು ವಿವರಿಸಿದರು. ದನಿಯ ಎರಡು ತಂತುಗಳಲ್ಲಿ ಒಂದು ಅಲುಗಾಡುತ್ತಿಲ್ಲ. ಅದಕ್ಕೆ ಹೋಗುವ ನರ ತುಂಡಾಗಿಲ್ಲ, ಪೆಟ್ಟು ತಿಂದಿದೆ. "ವಾಪಸ್ ಬರಬಹುದು. ಪೂರ್ತಿ ಬರದೆಯೂ ಇರಬಹುದು. ನಿಮ್ಮ ಕೆಲಸ ಏನು?" ನಾನು ಚೀಟಿಯಲ್ಲಿ ಬರೆದೆ: ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಅವರು ಚೀಟಿ ಓದಿ ಕಿಟಕಿಯತ್ತ ನೋಡಿದರು.

ಇಷ್ಟು ವರ್ಷದಲ್ಲಿ ನಾನು ಮೈಕ್ ಮುಟ್ಟಿದವಳಲ್ಲ. ನನ್ನ ಪಾಠ ಶುರುವಾದರೆ ಪಕ್ಕದ ಕೋಣೆಯ ಇತಿಹಾಸದವರು ಕಿಟಕಿ ಮುಚ್ಚುತ್ತಿದ್ದರು. ಅವರ ವಿದ್ಯಾರ್ಥಿಗಳಿಗೆ ದಂಡಯಾತ್ರೆಗಳಿಗಿಂತ ಮೊದಲು ಕಲನಶಾಸ್ತ್ರ ಬಾಯಿಗೆ ಬಂತು ಎಂಬುದು ನಮ್ಮ ಸಿಬ್ಬಂದಿ ಕೋಣೆಯ ಹಳೆಯ ಜೋಕು.

ಪ್ರಾಂಶುಪಾಲರ ಸಂದೇಶವನ್ನು ನಮ್ಮ ಮನೆಯವರು ಓದಿ ಹೇಳಿದರು. ಏಪ್ರಿಲ್ ಕೊನೆಯಲ್ಲಿ ಒಂದು ತರಗತಿ ತೆಗೆದುಕೊಂಡು ತೋರಿಸಬೇಕು. ಕೊನೆಯ ಬೆಂಚಿಗೆ ಕೇಳಿಸಿದರೆ ಜೂನ್‌ನಿಂದ ಪಾಠ. ಇಲ್ಲದಿದ್ದರೆ ಪರೀಕ್ಷಾ ವಿಭಾಗದಲ್ಲಿ ಕುರ್ಚಿ. "ಸಂಬಳಕ್ಕೇನೂ ತೊಂದರೆ ಇಲ್ಲ" ಎಂದು ಎರಡು ಸಲ ಬರೆದಿದ್ದರು.

ಸಂಜೆ ಇವರ ತಾಯಿ ನೋಡಲು ಬಂದರು. ಪಕ್ಕದಲ್ಲಿ ಕೂತು, "ನೋವಿದೆಯೇನೇ?" ಎಂದರು. ನಾನು ಕತ್ತಿನ ಪಟ್ಟಿ ತೋರಿಸಿ, ಮಾತಾಡುವಂತಿಲ್ಲ ಎಂದು ಕೈಯಾಡಿಸಿದೆ.

"ಜೋರಾಗಿ ಹೇಳೇ" ಎಂದರು.

ಮಾರ್ಚ್ ೭, ಶುಕ್ರವಾರ

ಮನೆಗೆ ಬಂದೆ. ಮಣಿಕಟ್ಟಿನ ಪಟ್ಟಿ ಕತ್ತರಿಸಲು ಇವರು ಕತ್ತರಿ ತಂದರು, ಬೇಡವೆಂದೆ. ಅದರ ಮೇಲೆ ಹೆಸರಿಗಿಂತ ದಪ್ಪಕ್ಷರದಲ್ಲಿ ಆಸ್ಪತ್ರೆಯ ಸಂಖ್ಯೆ ಇದೆ: ೮೭೦೪೭೩. ಅಲ್ಲಿ ಎಲ್ಲರೂ ನನ್ನನ್ನು ಅದರ ಬಾಲದಿಂದಲೇ ಕರೆಯುತ್ತಿದ್ದರು. "ನಾಲ್ಕು ಏಳು ಮೂರಕ್ಕೆ ಮಾತ್ರೆ ಕೊಟ್ರಾ?" "ನಾಲ್ಕು ಏಳು ಮೂರು ಇವತ್ತು ಸ್ವಲ್ಪ ಮುನಿಸಿಕೊಂಡಿದಾರೆ."

ಅಲ್ಪವಿರಾಮ ಹಾಕಿ ಬರೆದೆ: ೮,೭೦,೪೭೩. ಎಂಟು ಲಕ್ಷ ಎಪ್ಪತ್ತು ಸಾವಿರದ ನಾನೂರ ಎಪ್ಪತ್ತಮೂರು. ಅಲ್ಪವಿರಾಮ ಬಿದ್ದೊಡನೆ ಅದು ಆಸ್ಪತ್ರೆಯದಾಗಿ ಉಳಿಯಲಿಲ್ಲ, ನನ್ನದಾಯಿತು. ಹಾಗಾದರೆ ಇದು ಎಂಥ ಸಂಖ್ಯೆ ಎಂದು ನೋಡಿಯೇಬಿಡೋಣ.

ಕೊನೆಯಲ್ಲಿ ಮೂರಿದೆ, ಎರಡೂ ಐದೂ ಹೊಸ್ತಿಲಲ್ಲೇ ಹಿಂದಿರುಗಿದವು. ಅಂಕಿಗಳ ಮೊತ್ತ ಇಪ್ಪತ್ತೊಂಬತ್ತು, ಮೂರಕ್ಕೂ ಜಾಗವಿಲ್ಲ. ಏಳು, ಹನ್ನೊಂದು, ಹದಿಮೂರನ್ನು ಒಟ್ಟಿಗೇ ವಿಚಾರಿಸಿಕೊಂಡೆ. ಆ ಮೂರನ್ನೂ ಗುಣಿಸಿದರೆ ಸಾವಿರದ ಒಂದು. ಹಾಗಾಗಿ ಸಂಖ್ಯೆಯನ್ನು ನಡುವೆ ಮುರಿದು ೮೭೦ರಿಂದ ೪೭೩ ಕಳೆದು ನೋಡಿದರೆ ಸಾಕು. ೩೯೭ ಉಳಿಯಿತು. ಮೂವರಲ್ಲಿ ಯಾರೂ ಅದನ್ನು ಮುಟ್ಟಲಾರರು, ನನ್ನ ಸಂಖ್ಯೆಯನ್ನೂ ಮುಟ್ಟಲಾರರು.

ಇದು ಅವಿಭಾಜ್ಯವೇ? ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾರಿಗೂ ಒಡೆಯದ ಸಂಖ್ಯೆಯೇ? ತಿಳಿಯಲು ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕು. ಅಲ್ಲಿಂದಾಚೆ ಬೇಡ, ಜೋಡಿಯಲ್ಲಿ ಒಬ್ಬರಾದರೂ ಗಿಡ್ಡ ಇರಲೇಬೇಕಲ್ಲ. ವರ್ಗಮೂಲ ೯೩೩ಕ್ಕೆ ಕೂದಲೆಳೆಯಷ್ಟು ಕಡಿಮೆ. ೯೩೩ರ ವರ್ಗ ೮,೭೦,೪೮೯. ಅಂದರೆ ನನ್ನ ಸಂಖ್ಯೆ ಪೂರ್ಣ ವರ್ಗಕ್ಕೆ ಬರೀ ಹದಿನಾರು ಕಡಿಮೆ! ಎಂಟು ಲಕ್ಷ ಚಿಲ್ಲರೆಯ ಮುಂದೆ ಹದಿನಾರು ಯಾವ ಲೆಕ್ಕ. ಅರಮನೆಯ ಗೋಡೆಗೆ ನಮ್ಮ ಗೋಡೆ ತಾಗಿಕೊಂಡಿದೆ ಎಂಬಂಥ ಹೆಮ್ಮೆಯಾಯಿತು.

ಇವರು ಇಣುಕಿದರು. "ಫೋನಿಗೆ ಕೇಳಿದ್ರೆ ಒಂದು ಕ್ಷಣ."

ಬರೆದು ತೋರಿಸಿದೆ: ಪದಬಂಧದ ಉತ್ತರ ಕೊನೆಯ ಪುಟದಲ್ಲಿದೆ ಎಂದು ಯಾರಾದರೂ ಪದಬಂಧ ಬಿಡುತ್ತಾರೆಯೇ? ಈ ಮನೆಯಲ್ಲಿ ಯಾರೂ ಫೋನಿಗೆ ಕೇಳಕೂಡದು.

"ಅಪ್ಪಣೆ" ಎಂದು ಅಂಗಡಿಗೆ ಹೋದರು. ಇವರದು ಕನ್ನಡಕದ ಅಂಗಡಿ. ಮಾತು ಮೀಸೆಯನ್ನೇ ದಾಟುವುದಿಲ್ಲ.

ಮಾರ್ಚ್ ೧೨, ಬುಧವಾರ

ಇವರ ತಾಯಿಯ ಜೊತೆ ಒಂದೇ ಮನೆಯಲ್ಲಿ ಮೂಕಿಯಾಗಿರುವುದು ಸುಲಭವಲ್ಲ. ಅವರಿಗೆ ಕಿವಿ ಮಂದ. ಮೂರು ವರ್ಷದ ಹಿಂದೆ ಇವರು ತಂದುಕೊಟ್ಟ ಶ್ರವಣಯಂತ್ರ ಕಪಾಟಿನಲ್ಲಿ ಡಬ್ಬಿಯೊಳಗೇ ಮಲಗಿದೆ. "ಅದನ್ನ ಸಿಗಿಸ್ಕೊಂಡ್ರೆ ಜನ ಕಿವುಡಿ ಅಂತಾರೆ" ಎನ್ನುತ್ತಾರೆ. "ಈಗೇನಂತಾರೆ ಅಮ್ಮ?" ಎಂದು ಇವರು ಕೇಳಿದರು. ಅದು ಅವರಿಗೆ ಕೇಳಿಸಲಿಲ್ಲ.

ಮೊದಲೆರಡು ದಿನ ಬಂದು ಕೂತು ಏನೇನೋ ಕೇಳಿದರು. ನಾನು ಕೈಸನ್ನೆ ಮಾಡಿದೆ. ಈಗ ಬರುವುದಿಲ್ಲ. ತಟ್ಟೆಯನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟು ಹೋಗುತ್ತಾರೆ. ಕಾಯಿಲೆಯವಳ ಮೇಲೂ ಬಿಗುಮಾನ. ಇರಲಿ. ನನಗೂ ಕೆಲಸವಿದೆ. ಇವತ್ತು ನೂರು ದಾಟಿದೆ. ಯಾವುದೂ ತಗುಲಲಿಲ್ಲ.

ಮಾರ್ಚ್ ೧೮, ಮಂಗಳವಾರ

ಆಸ್ಪತ್ರೆಯ ದನಿ ವಿಭಾಗಕ್ಕೆ ಹೋಗಿದ್ದೆ. ದನಿ ಕಲಿಸುವ ಹುಡುಗಿಗೆ ನನ್ನ ವಿದ್ಯಾರ್ಥಿನಿಯರ ವಯಸ್ಸು. ಗ್ಲಾಸಿನಲ್ಲಿ ನೀರು ಹಾಕಿ, ಅದರಲ್ಲಿ ಸ್ಟ್ರಾ ಇಟ್ಟು, "ಊ ಅಂತ ಊದಿ ಮೇಡಂ, ಗುಳ್ಳೆ ಬರಬೇಕು, ಜೊತೆಗೆ ದನಿನೂ ಬರಬೇಕು" ಎಂದಳು. ಗುಳ್ಳೆ ಬಂತು.

ಮನೆಯಲ್ಲಿ ದಿನಾ ಎರಡು ಹೊತ್ತು ಊದಬೇಕು, ಆಮೇಲೆ ಇಷ್ಟವಾದದ್ದನ್ನು ಗಟ್ಟಿಯಾಗಿ ಓದಬೇಕು. ಇಷ್ಟವಾದದ್ದು ಎಂದರೆ ದಿಂಬಿನ ಪಕ್ಕದ ಕವಿತೆಗಳು. ಒಂದು ಸಾಲು ಓದಿದೆ. ಹರಿದ ಬಲೂನಿನಿಂದ ಗಾಳಿ ಹೋದಂತಿತ್ತು. ಪುಸ್ತಕ ಮುಚ್ಚಿದೆ. ಕವಿತೆಯನ್ನು ಈ ದನಿಗೆ ಕೊಡಲಾರೆ, ಅದು ನನ್ನ ಸ್ವಾಭಿಮಾನದ ಪ್ರಶ್ನೆಯೂ ಹೌದು, ಕವಿತೆಯ ಮರ್ಯಾದೆಯ ಪ್ರಶ್ನೆಯೂ ಹೌದು. ಅದರ ಬದಲು ಸಂಖ್ಯೆ ಓದಿದೆ. ಎಂಟು ಲಕ್ಷ. ಎಪ್ಪತ್ತು ಸಾವಿರದ. ನಾನೂರ. ಎಪ್ಪತ್ತಮೂರು. ಸಂಖ್ಯೆಗೆ ನನ್ನ ದನಿಯ ಮೇಲೆ ಯಾವ ದೂರೂ ಇಲ್ಲ, ಹೇಗೆ ಓದಿದರೂ ಅದು ಅಷ್ಟೇ ಇರುತ್ತದೆ.

ಇವರ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅಷ್ಟೊಂದು ಓದಿ ಓದಿ ಕೊನೆಗೆ ನೀರಿಗೆ ಗುಳುಗುಳು ಮಾಡ್ತಾ ಕೂತಳು" ಎಂದು ಗೋಡೆಗೆ ಹೇಳಿದರು.

ಮಾರ್ಚ್ ೧೯, ಬುಧವಾರ

ಇನ್ನೂರೈವತ್ತರವರೆಗೆ ಆಯಿತು. ಗುಳ್ಳೆ ಮಾತ್ರ.

ಮಾರ್ಚ್ ೨೭, ಗುರುವಾರ

ಇಂದು ಬಂಗಾರದಂಥ ದಿನ. ಭಾಗಾಕಾರಕ್ಕೆ ಬೇಸರ ಬಂದು, ನನ್ನ ಸಂಖ್ಯೆ ಎರಡು ವರ್ಗಗಳ ಮೊತ್ತವಾಗುತ್ತದೆಯೇ ಎಂದು ನೋಡಿದೆ. ಎಲ್ಲ ಸಂಖ್ಯೆಗಳಿಗೂ ಆ ಭಾಗ್ಯವಿಲ್ಲ. ದೊಡ್ಡದರಿಂದಲೇ ಶುರು ಮಾಡಿದೆ: ೯೩೨ರ ವರ್ಗ ಕಳೆದೆ. ಉಳಿದದ್ದು ೧೮೪೯. ಅದು ೪೩ರ ವರ್ಗ! ಮೊದಲ ಪ್ರಯತ್ನಕ್ಕೇ. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯವಾದರೆ ಹೀಗೆ ಬರೆಯುವ ದಾರಿ ಒಂದೇ ಒಂದು ಇರುತ್ತದೆ. ಒಂದು ಸಿಕ್ಕಿತು. ಇನ್ನೊಂದನ್ನು ಹುಡುಕುವ ಅಗತ್ಯ ನನಗೆ ಕಾಣಲಿಲ್ಲ.

ಹಾಗೇ ಸುಖಿಯೇ ಎಂದೂ ನೋಡಿದೆ. ಅಂಕಿಗಳ ವರ್ಗಗಳನ್ನು ಕೂಡುತ್ತಾ, ಬಂದ ಮೊತ್ತಕ್ಕೆ ಮತ್ತೆ ಹಾಗೇ ಮಾಡುತ್ತಾ ಹೋದರೆ ಕೊನೆಗೆ ಒಂದಕ್ಕೆ ಬಂದು ನಿಲ್ಲುವುದು ಸುಖಿ ಸಂಖ್ಯೆ. ನನ್ನದು ೧೮೭, ೧೧೪, ೧೮, ೬೫, ೬೧, ೩೭ ಎಂದು ಇಳಿದು, ಮತ್ತೆ ಏರಿ, ಸುತ್ತು ಹೊಡೆದು ೩೭ಕ್ಕೇ ಬಂದು ಬಿತ್ತು. ಸುಖಿಯಲ್ಲ. ಗೊತ್ತಿದ್ದದ್ದೇ.

ಮಧ್ಯಾಹ್ನ ಸರಾಸರಿ ಬಂದಿದ್ದರು. ಸಂಖ್ಯಾಶಾಸ್ತ್ರದ ನಮ್ಮ ಸಹೋದ್ಯೋಗಿಗೆ ಮಕ್ಕಳಿಟ್ಟ ಹೆಸರು. ನನ್ನ ತರಗತಿಗಳನ್ನು ಈಗ ಅವರೇ ನೋಡಿಕೊಳ್ಳುತ್ತಿದ್ದಾರೆ. ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಧ್ವನಿವರ್ಧಕವೊಂದನ್ನು ತಂದಿದ್ದರು. ಬೇಡವೆಂದು ತಲೆಯಾಡಿಸಿದೆ.

"ಪರೀಕ್ಷಾ ವಿಭಾಗನೂ ಕೆಟ್ಟದ್ದೇನಲ್ಲ ಮೇಡಂ. ತಣ್ಣಗಿರುತ್ತೆ. ಫ್ಯಾನು ಎರಡಿದೆ."

ನಾನು ಬರೆದೆ: ಹಾಗಾದರೆ ನೀವೇ ಹೋಗಿ.

ಓದಿ ನಕ್ಕರು. ಆದರೂ ಆ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟೇ ಹೋದರು.

ಏಪ್ರಿಲ್ ೨, ಬುಧವಾರ

ಬೆಳಿಗ್ಗೆ ಇವರು ತಲೆ ಬಾಚುತ್ತಾ, "ಅಮ್ಮ ನನ್ನ ಹತ್ರ ಒಂದು ಮಾತು ಕೇಳಿದ್ರು. 'ಅವಳು ನನ್ನ ಮೇಲೆ ಯಾಕೋ ಮುನಿಸಿಕೊಂಡಿದಾಳೆ?' ಅಂತ" ಎಂದರು.

ನಾನು ಕಣ್ಣರಳಿಸಿದೆ. ಮುನಿಸು ನನಗೋ ಅವರಿಗೋ?

"ಈ ಮನೇಲಿ ಅವರಿಗೆ ಕೇಳಿಸ್ತಾ ಇದ್ದಿದ್ದು ನಿನ್ನ ಮಾತೊಂದೇ ಅಲ್ವಾ" ಎಂದರು ಇವರು, ಬಾಚಣಿಗೆಯನ್ನು ನೋಡುತ್ತಾ.

ಅಡುಗೆಮನೆಗೆ ಹೋದೆ. ಇವರ ತಾಯಿಗೆ ಕನ್ನಡಕ ಹಾಕಿಸಿ, ಕಾಗದದಲ್ಲಿ ದೊಡ್ಡದಾಗಿ ಬರೆದು ತೋರಿಸಿದೆ: ಮುನಿಸಿಲ್ಲ. ದನಿ ಇಲ್ಲ.

ಅಕ್ಷರ ಕೂಡಿಸಿ ಕೂಡಿಸಿ ಓದಿದರು. "ನಿನ್ನ ಕೈಬರಹ ನೋಡಿದ್ರೆ ನೀನೇ ಡಾಕ್ಟರಾಗಬೇಕಿತ್ತು" ಎಂದರು. ಆಮೇಲೆ, "ಇಡೀ ದಿನ ಅದೇನು ಗೀಚ್ತೀಯ?"

ಹೇಗೆ ಹೇಳುವುದು? ಅವರ ಗುಂಡಿಗಳ ಡಬ್ಬಿ ತೆಗೆದೆ. ಹನ್ನೆರಡು ಗುಂಡಿಗಳನ್ನು ಮೂರು ಸಾಲಲ್ಲಿ ನಾಲ್ಕು ನಾಲ್ಕರಂತೆ ಇಟ್ಟೆ. ಕೆಡಿಸಿ ಎರಡು ಸಾಲಲ್ಲಿ ಆರಾರು ಇಟ್ಟೆ. ಆಮೇಲೆ ಇನ್ನೊಂದು ಗುಂಡಿ ಸೇರಿಸಿ ಅವರತ್ತ ತಳ್ಳಿದೆ. ಅವರು ಎರಡು ಸಾಲು ಮಾಡಿದರು, ಒಂದು ಮಿಕ್ಕಿತು. ಮೂರು ಮಾಡಿದರು, ಒಂದು ಮಿಕ್ಕಿತು. ನಾಲ್ಕು, ಮತ್ತೆ ಒಂದು. ತುಟಿ ಬಿಗಿಹಿಡಿದು ಐದೂ ಮಾಡಿ ನೋಡಿದರು.

"ಈ ಹದಿಮೂರು ಯಾರ ಜೊತೆನೂ ಸಾಲಲ್ಲಿ ನಿಲ್ಲಲ್ಲ" ಎಂದರು. "ನಿನ್ನಂಗೆ."

ನಾನು ನಕ್ಕೆ. ನಗುವಿಗೂ ದನಿಯಿರಲಿಲ್ಲ, ಆದರೆ ಭುಜ ಅಲುಗಿದ್ದನ್ನು ನೋಡಿ ಅವರೂ ನಕ್ಕರು. ನಮ್ಮದು ಎಂಟು ಲಕ್ಷದ ಮಾತು ಎಂದು ಬರೆದು ತೋರಿಸಿದಾಗ, "ಅಷ್ಟು ಗುಂಡಿ ಎಲ್ಲಿಂದ ತರ್ತೀಯ" ಎಂದು ನಿಜವಾಗಿ ಚಿಂತೆಗೆ ಬಿದ್ದರು.

ಏಪ್ರಿಲ್ ೯, ಬುಧವಾರ

ಮುಗಿಯಿತು!

ಎಂಟುನೂರರ ಮೇಲಿನವು ದಣಿಸಿದವು. ೮೮೭, ೯೦೭, ೯೧೧, ೯೧೯. ಒಂದೂ ಒಗ್ಗಲಿಲ್ಲ. ಕೊನೆಯಲ್ಲಿ ೯೨೯ ಎದುರಾಯಿತು. ನೋಡಿದೊಡನೆ ಗೀಟು ಹಾಕಿದೆ: ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ, ಹನ್ನೊಂದರ ಮಗು. ಹನ್ನೊಂದಕ್ಕೇ ಒಡೆಯದ್ದು ಅದರ ಮಗುವಿಗೆ ಒಡೆಯುವುದಿಲ್ಲ. ಅಲ್ಲಿಗೆ ಗೋಡೆ ಬಂತು.

೮,೭೦,೪೭೩ ಅವಿಭಾಜ್ಯ. ದೊಡ್ಡ ಅಕ್ಷರದಲ್ಲಿ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. ಆಸ್ಪತ್ರೆಯ ಯಾವುದೋ ಯಂತ್ರ ಕಣ್ಣುಮುಚ್ಚಿ ಕೊಟ್ಟ ಸಂಖ್ಯೆ, ಎಂಟು ಲಕ್ಷದ ಗುಂಪಿನಲ್ಲಿ ಯಾರಿಗೂ ಬಗ್ಗದ ಸಂಖ್ಯೆ, ನನ್ನ ಕೈಗೇ ಬಂದಿದೆ. ಯಾರ ಹಂಗೂ ಇಲ್ಲದೆ, ಯಂತ್ರದ ನೆರವಿಲ್ಲದೆ, ಪೆನ್ಸಿಲ್ಲಿನಲ್ಲಿ ಸಾಧಿಸಿದೆ. ಇವರು ಅಂಗಡಿಯಿಂದ ಬರುವಾಗ ಸಿಹಿ ತಂದರು. ಅತ್ತೆ ಎರಡು ತುಂಡು ತಿಂದು, "ಯಾಕೆ ಸಿಹಿ?" ಎಂದು ಆಮೇಲೆ ಕೇಳಿದರು.

ದನಿ? ಬೆಳಿಗ್ಗೆ ಗುಳ್ಳೆಗಳ ನಡುವೆ ಒಂದು ಸಣ್ಣ ಗುಂಯ್ ಕೇಳಿಸಿತೇನೋ. ಹುಡುಗಿ ಮುಂದಿನ ವಾರ ನೋಡೋಣ ಎಂದಿದ್ದಾಳೆ.

ಏಪ್ರಿಲ್ ೧೫, ಮಂಗಳವಾರ

ಇದನ್ನು ನಿಧಾನವಾಗಿ, ಕ್ರಮವಾಗಿ ಬರೆಯಬೇಕು.

ನಿನ್ನೆ ಇವರು ಊಟದ ಮೇಜಿನ ಮೇಲೇ ಅಂಗಿಗೆ ಇಸ್ತ್ರಿ ಮಾಡಲು ಹೋಗಿ, ಅತ್ತೆ ಕೈಯಾರೆ ಅಂಚು ಹೊಲಿದಿದ್ದ ಚೌಕದ ಮೇಜುಬಟ್ಟೆಯ ಒಂದು ಮೂಲೆಯನ್ನು ಕಂದು ಮಾಡಿದರು. ಅತ್ತೆ ಮಗನಿಗೆ ಏನೇನು ಹೇಳಿದರೋ ಅದನ್ನು ಇಲ್ಲಿ ಬರೆಯುವುದಿಲ್ಲ. ಇವತ್ತು ಊಟವಾದ ಮೇಲೆ ಕತ್ತರಿ ಹಿಡಿದು ನೆಲಕ್ಕೆ ಕೂತರು. ಸುಟ್ಟ ಮೂಲೆಯನ್ನು ಅಚ್ಚುಕಟ್ಟಾಗಿ ಸಣ್ಣ ಚೌಕವಾಗಿ ಕತ್ತರಿಸಿ ತೆಗೆದರು. ದೊಡ್ಡ ಚೌಕದ ಮೂಲೆಯಲ್ಲಿ ಸಣ್ಣ ಚೌಕದ ಖಾಲಿ. ನಾನು ಗ್ಲಾಸಿನಲ್ಲಿ ಗುಳ್ಳೆ ಊದುತ್ತಾ ನೋಡುತ್ತಿದ್ದೆ.

"ತೇಪೆ ಹಾಕಿದ್ರೆ ಕಾಣುತ್ತೆ" ಎಂದರು ತಮಗೇ. "ಹೆಂಗೂ ಮೇಜು ಉದ್ದ, ಬಟ್ಟೆ ಚೌಕ. ಯಾವತ್ತೂ ಎರಡು ತುದೀನೂ ಬೋಳಾಗಿರ್ತಿತ್ತು."

ಖಾಲಿಯ ಪಕ್ಕದಲ್ಲಿ ಉಳಿದಿದ್ದ ಪಟ್ಟಿಯನ್ನು ಉದ್ದಕ್ಕೆ ಕತ್ತರಿಸಿದರು. ಅದನ್ನು ತಿರುಗಿಸಿ, ಉಳಿದ ಬಟ್ಟೆಯ ಬದಿಗೆ ತಂದಿಟ್ಟರು. ಅಂಚಿಗೆ ಅಂಚು ಸರಿಯಾಗಿ ಕೂತಿತು. ಖಾಲಿ ಮಾಯವಾಯಿತು. ಚೌಕ ಹೋಗಿ ಆಯತವಾಯಿತು: ಒಂದು ಬದಿ ಸುಟ್ಟ ಮೂಲೆಯಷ್ಟು ಉದ್ದ ಹೆಚ್ಚು, ಇನ್ನೊಂದು ಬದಿ ಅಷ್ಟೇ ಕಡಿಮೆ.

ನನ್ನ ಬಾಯಲ್ಲಿ ಸ್ಟ್ರಾ ಹಾಗೇ ಇತ್ತು.

ಒಂಬೈನೂರ ಮೂವತ್ತಮೂರರ ಚೌಕ. ಅದರಲ್ಲಿ ಹದಿನಾರು ಕಡಿಮೆ. ಹದಿನಾರು ಅಂದರೆ ನಾಲ್ಕರ ಚೌಕ. ಮೂಲೆಯಲ್ಲಿ ನಾಲ್ಕರ ಚೌಕದಷ್ಟು ಸುಟ್ಟಿದೆ, ಅಷ್ಟೆ! ಪಟ್ಟಿ ಕತ್ತರಿಸಿ ಪಕ್ಕಕ್ಕೆ ಹೊಲಿದರೆ ಒಂದು ಬದಿ ೯೩೭, ಇನ್ನೊಂದು ಬದಿ ೯೨೯. ಎರಡನ್ನೂ ಗುಣಿಸಿದರೆ ನನ್ನ ಸಂಖ್ಯೆ. ಎಂಟನೇ ತರಗತಿಯ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಸೂತ್ರ. ಮಾರ್ಚ್ ಏಳರಂದು ನಾನೇ ಬರೆದಿದ್ದೇನೆ, ಹದಿನಾರು ಕಡಿಮೆ ಎಂದು ಆಶ್ಚರ್ಯಚಿಹ್ನೆ ಹಾಕಿ ಮೆರೆದಿದ್ದೇನೆ, ಹದಿನಾರು ಯಾರು ಎಂದು ಕೇಳಿಲ್ಲ.

"ಅಯ್ಯೋ!" ಎಂದೆ.

ಅತ್ತೆ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ತಿರುಗಿದರು. "ಏನೇ?"

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ಮಾತಾಡಿದ್ದೆ. ಅವರಿಗೆ ಕೇಳಿಸಿತ್ತು.

"ಇನ್ನೊಂದು ಸಲ ಅನ್ನು" ಎಂದರು.

"ಅಯ್ಯೋ" ಎಂದೆ. ತುಕ್ಕು ಹಿಡಿದ ಬಾಗಿಲಿನ ದನಿ, ಅರ್ಧ ಗಾಳಿ. ಆದರೂ ದನಿ.

"ಒಳ್ಳೆ ಮಾತು ಏನೂ ಸಿಗಲಿಲ್ವಾ ನಿನಗೆ?" ಎಂದು ಬೈದು, ಮೂಗನ್ನು ಆ ಮೇಜುಬಟ್ಟೆಯಲ್ಲೇ ಒರೆಸಿಕೊಂಡರು.

ಏಪ್ರಿಲ್ ೧೬, ಬುಧವಾರ

ಬಾಗಿಲಿನ ಕಾಗದ ಕಿತ್ತು ಹಾಕಿದೆ. ೯೨೯ ಹನ್ನೊಂದರ ಮಗುವಲ್ಲ, ಅಪ್ಪಟ ಅವಿಭಾಜ್ಯ. ಹಿಂದುಮುಂದು ಒಂದೇ ಆಗಿರುವ ನಾಲ್ಕಂಕಿಯವು ಹನ್ನೊಂದಕ್ಕೆ ಒಡೆಯುತ್ತವೆ, ಆರಂಕಿಯವೂ ಒಡೆಯುತ್ತವೆ. ಮೂರಂಕಿಯವಕ್ಕೆ ಆ ನಿಯಮವಿಲ್ಲ. ಪ್ರತಿ ವರ್ಷ ಇದೇ ತಪ್ಪಿಗೆ ಮಕ್ಕಳನ್ನು ಬೋರ್ಡಿನ ಮುಂದೆ ನಿಲ್ಲಿಸಿದ್ದೇನೆ. ಬಾಗಿಲು ತೆರೆಯುವ ಕೀಲಿ ಗೊಂಚಲಿನ ಕೊನೆಯಲ್ಲೇ ಇತ್ತು, ಅದೊಂದನ್ನೇ ತೂರಿಸಿ ನೋಡಲಿಲ್ಲ.

ಬೆಳಗಿನಿಂದ ಒಂದು ಬಗೆಯ ಸಪ್ಪೆತನವಿರಬೇಕಿತ್ತು. ಇಲ್ಲ. ಕೂತು ಹುಡುಕಿದರೆ ಎರಡು ವರ್ಗಗಳ ಎರಡನೆಯ ಜೋಡಿಯೂ ಸಿಕ್ಕಿತು: ೯೧೭ರ ವರ್ಗ ಮತ್ತು ೧೭೨ರ ವರ್ಗ. ಅವಿಭಾಜ್ಯವಾಗಿದ್ದರೆ ಒಂದೇ ದಾರಿ ಇರುತ್ತಿತ್ತು, ನನ್ನದಕ್ಕೆ ಎರಡು. ತನ್ನನ್ನು ಬಿಟ್ಟು ಉಳಿದ ಭಾಜಕಗಳು ೧, ೯೨೯, ೯೩೭. ಕೂಡಿದರೆ ೧೮೬೭, ಅದೂ ಅವಿಭಾಜ್ಯ. ಮೊತ್ತ ಸಂಖ್ಯೆಗಿಂತ ಹೆಚ್ಚಾದರೆ ಸಮೃದ್ಧ, ಸಮವಾದರೆ ಪರಿಪೂರ್ಣ, ಕಡಿಮೆಯಾದರೆ ಕೊರತೆಯ ಸಂಖ್ಯೆ ಎನ್ನುತ್ತಾರೆ. ನನ್ನದು ಕೊರತೆಯದು, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಅವಿಭಾಜ್ಯವಾಗಿದ್ದರೆ ಅದರ ಕೈಯಲ್ಲಿ ಆ ಒಂದು ಬಿಟ್ಟು ಇನ್ನೇನೂ ಇರುತ್ತಿರಲಿಲ್ಲ. ಒಂದು ವಾರ ಆ ಬಡತನವನ್ನೇ ಬಾಗಿಲಿಗೆ ಅಂಟಿಸಿಕೊಂಡು ಬೀಗಿದೆನಲ್ಲ.

ಇವರಿಗೆ ಹೇಳಿದೆ. ಹೇಳಿದೆ ಎಂದರೆ ಬಾಯಲ್ಲಿ ಹೇಳಿದೆ, ಮೂರು ಮೂರು ಪದಗಳಂತೆ.

"ಅಂದ್ರೆ ಸಿಹಿ ವಾಪಸ್ ಕೊಡಬೇಕಾ?" ಎಂದರು.

ಏಪ್ರಿಲ್ ೨೨, ಮಂಗಳವಾರ

ಶುಕ್ರವಾರ ತರಗತಿ. ದನಿ ಇದೆ, ಆದರೆ ತೆಳ್ಳಗೆ. ಕೋಣೆಯ ಆಚೆ ಗೋಡೆ ಮುಟ್ಟುವ ಮೊದಲೇ ಬಿದ್ದುಹೋಗುತ್ತದೆ. ಕಿರುಚಿ ತಲುಪಿಸಲು ಹೋದರೆ ಇರುವುದೂ ಹೋಗುತ್ತದೆ ಎಂದು ದನಿಯ ಹುಡುಗಿ ಕಡ್ಡಿ ಮುರಿದಂತೆ ಹೇಳಿದಳು. "ಆ ಧ್ವನಿವರ್ಧಕ ಕಟ್ಕೊಳ್ಳಿ ಮೇಡಂ. ಪ್ರಾಂಶುಪಾಲರು ಕೇಳಿಸಬೇಕು ಅಂದಿದಾರೆ, ಹೇಗೆ ಅಂತ ಹೇಳಿಲ್ಲ."

ನಾನು ಆಗುವುದಿಲ್ಲ ಎಂದೆ. ಇಷ್ಟು ವರ್ಷ ಗೋಡೆ ದಾಟಿ ಕೇಳಿಸಿದವಳು ಸೊಂಟಕ್ಕೆ ಡಬ್ಬಿ ಕಟ್ಟಿಕೊಂಡು ನಿಲ್ಲಬೇಕೇ?

ಅತ್ತೆ ಜೊತೆಗೆ ಬಂದಿದ್ದರು. ಈಗೀಗ ಆಸ್ಪತ್ರೆಗೆ ಅವರೂ ಬರುತ್ತಾರೆ, ಬೆಂಚಿನಲ್ಲಿ ಕೂತವರ ಕಾಯಿಲೆಗಳನ್ನೆಲ್ಲ ವಿಚಾರಿಸಿಕೊಳ್ಳುತ್ತಾರೆ. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಹುಡುಗಿ ಅವರ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿದಳು.

ಅತ್ತೆ ಮಡಿಲಲ್ಲಿನ ಚೀಲವನ್ನು ಪಕ್ಕಕ್ಕಿಟ್ಟರು. ಆಮೇಲೆ, "ಅದನ್ನ ಕಟ್ಕೊಂಡ್ರೆ ಜನ ಏನಂತಾರಂತೆ?" ಎಂದರು.

ನಾನು ಅವರ ಬರಿಗಿವಿಯ ಕಡೆ ನೋಡಿದೆ.

"ನೋಡೇ, ನೀನು ನಿನ್ನ ಡಬ್ಬಿ ಕಟ್ಕೊ. ನಾನು ನನ್ನ ಡಬ್ಬಿ ತೆಗೀತೀನಿ. ಯಾರು ಮೊದಲು ಅಂತ ಜಗಳ ಬೇಡ, ಇಬ್ಬರೂ ಒಟ್ಟಿಗೆ."

ಪಕ್ಕದ ಕೋಣೆಯೇ ಕಿವಿಯ ವಿಭಾಗ. ನಾಳೆಗೆ ಸಮಯ ಕೊಟ್ಟಿದ್ದಾರೆ.

ಏಪ್ರಿಲ್ ೨೫, ಶುಕ್ರವಾರ

ಎರಡನೇ ಮಹಡಿಯ ಉದ್ದ ಕೋಣೆ. ಮೂವತ್ತು ನಲವತ್ತು ಮಕ್ಕಳು. ಕೊನೆಯ ಬೆಂಚಿನಲ್ಲಿ ಪ್ರಾಂಶುಪಾಲರು, ಸರಾಸರಿ, ಅವರ ಪಕ್ಕದಲ್ಲಿ ಕಿವಿಗೆ ಯಂತ್ರ ಸಿಗಿಸಿಕೊಂಡು ನೆಟ್ಟಗೆ ಕೂತ ನಮ್ಮತ್ತೆ. ಮೆಟ್ಟಿಲು ಹತ್ತುವಾಗ, "ನಿನ್ನ ಚಪ್ಪಲಿ ಇಷ್ಟು ಸದ್ದು ಮಾಡುತ್ತಾ?" ಎಂದು ಬೆರಗಾಗಿದ್ದರು.

ನನ್ನ ಸೊಂಟದಲ್ಲಿ ಡಬ್ಬಿ, ಕೆನ್ನೆಯ ಹತ್ತಿರ ಕಡ್ಡಿಯಂಥ ಮೈಕ್. ಒಬ್ಬ ಹುಡುಗ ಮುಸಿನಕ್ಕ. ನಗಲಿ ಎಂದುಕೊಂಡೆ.

"ನನಗೆ ಒಂದು ಸಂಖ್ಯೆ ಕೊಟ್ಟಿದ್ದರು" ಎಂದು ಶುರು ಮಾಡಿದೆ. ಬೋರ್ಡಿನ ಮೇಲೆ ಬರೆದೆ. ಅಂಕಿಗಳ ಮೊತ್ತ, ಸಾವಿರದ ಒಂದರ ಉಪಾಯ, ಸುಖಿಯಲ್ಲದ ಸುತ್ತು, ಎಲ್ಲ ಹೇಳಿದೆ. ನನಗೆ ಗೊತ್ತಿರದ ಒಂದು ವಿಷಯ ಇವತ್ತು ಗೊತ್ತಾಯಿತು. ನಾನು ಮೆಲ್ಲಗೆ ಮಾತಾಡಿದರೆ ಮಕ್ಕಳು ಸುಮ್ಮನಾಗುತ್ತಾರೆ. ಇಷ್ಟು ವರ್ಷ ನನ್ನ ದನಿಯ ಕೆಳಗೆ ಅವರೂ ಗುಜುಗುಜು ಮಾಡುತ್ತಿದ್ದರಂತೆ, ನನಗೇ ಕೇಳಿಸಿರಲಿಲ್ಲ.

ನಡುವೆ ದನಿ ನಿಂತಿತು. ಡಬ್ಬಿಯಿಂದ ಬರೀ ಗಾಳಿ ಬಂತು. ಡಬ್ಬಿ ಇರುವುದನ್ನು ದೊಡ್ಡದು ಮಾಡುತ್ತದೆ, ಇಲ್ಲದ್ದನ್ನು ಎಲ್ಲಿಂದ ತರಬೇಕು? ಪ್ರಾಂಶುಪಾಲರು ಬೆಂಚಿನಲ್ಲಿ ಅಲುಗಿದರು. ನಾನು ತಿರುಗಿ ಬೋರ್ಡಿನ ಮೇಲೆ ದೊಡ್ಡ ಚೌಕ ಬರೆದೆ. ಮೂಲೆಯಲ್ಲಿ ಸಣ್ಣ ಚೌಕ ಬರೆದು ಅಳಿಸಿದೆ. ಪಟ್ಟಿಗೆ ಗೀಟು ಎಳೆದೆ, ಅಳಿಸಿ ಪಕ್ಕಕ್ಕೆ ತಂದು ಬರೆದೆ. ಮಾತಿಲ್ಲದೆ. ಸೀಮೆಸುಣ್ಣದ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೇನೂ ಇರಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಓ!" ಎಂದಳು. ಆಮೇಲೆ ಇನ್ನೊಬ್ಬ. ಆಮೇಲೆ ಸಾಲು ಸಾಲಾಗಿ. ಗುಟುಕು ನೀರು ಕುಡಿದೆ. ದನಿ ಮರಳಿತು. ೯೨೯ ಗುಣಿಸು ೯೩೭ ಎಂದು ಬರೆದು, ೯೨೯ನ್ನು ನಾನು ಹೇಗೆ ಬಿಟ್ಟೆ ಎಂಬುದನ್ನೂ, ಮೇಜುಬಟ್ಟೆ ಯಾರದೆಂಬುದನ್ನೂ ಹೇಳಿ ಮುಗಿಸಿದೆ.

ಪ್ರಾಂಶುಪಾಲರು ಎದ್ದು ನಿಂತು, "ಕೊನೆಯ ಬೆಂಚು, ಕೇಳಿಸಿತಾ?" ಎಂದರು.

ಮಕ್ಕಳು ಬಾಯಿ ತೆರೆಯುವ ಮೊದಲೇ ನಮ್ಮತ್ತೆ ಎದ್ದರು. ಯಂತ್ರ ಬಂದರೂ ಅವರ ದನಿ ಹಳೆಯ ಅಳತೆಯಲ್ಲೇ ಇದೆ.

"ಎಲ್ಲಾ ಕೇಳಿಸ್ತು. ಒಂಬೈನೂರ ಇಪ್ಪತ್ತೊಂಬತ್ತನ್ನ ಭಾಗಿಸಿ ನೋಡ್ದೇ ಗೀಟು ಹಾಕಿದ್ಲಂತಲ್ಲ, ಅದೂ ಕೇಳಿಸ್ತು. ಬಟ್ಟೆ ನಂದು ಅಂದಿದ್ದೂ ಕೇಳಿಸ್ತು. ಸುಟ್ಟಿದ್ದು ನನ್ನ ಮಗ. ಅದೊಂದನ್ನ ಹೇಳಲಿಲ್ಲ ಅವಳು, ಗಂಡನ ಮಾನ ಉಳಿಸಿದ್ಲು."

ಕೋಣೆ ಬಿರಿಯುವಂತೆ ನಗು. ಪಕ್ಕದ ಕೋಣೆಯಿಂದ ಕಿಟಕಿ ಮುಚ್ಚಿದ ಸದ್ದು ಕೇಳಿಸಿತು. ಇತಿಹಾಸದವರು!

ಪ್ರಾಂಶುಪಾಲರು ಸರಾಸರಿಯ ಕಡೆ ನೋಡಿದರು. "ನಿಮ್ಮ ಅಭಿಪ್ರಾಯ?"

"ಮಾದರಿ ಚಿಕ್ಕದು ಸರ್" ಎಂದರು ಸರಾಸರಿ, ಅತ್ತೆಯತ್ತ ಕೈ ತೋರಿಸುತ್ತಾ. "ಆದರೆ ನಿರ್ಣಾಯಕ."

ಜೂನ್‌ನಿಂದ ನನ್ನ ತರಗತಿ ನನಗೇ. ಎರಡು ಫ್ಯಾನುಗಳಿಗೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ.

ಮೇ ೨, ಶುಕ್ರವಾರ

ಡಾಕ್ಟರು ಗಂಟಲಿಗೆ ಕ್ಯಾಮೆರಾ ಬಿಟ್ಟು ನೋಡಿದರು. ತಂತು ಅಲುಗುತ್ತಿದೆ, ಆದರೆ ಅದರ ಜೊತೆಗಾರನಷ್ಟಲ್ಲ. ಹಳೆಯ ದನಿ ಪೂರ್ತಿ ಬರುವುದಿಲ್ಲವೇನೋ ಎಂದರು. ಆಗಲಿ ಎಂದೆ. ಬೆಳಿಗ್ಗೆ ಒಂದು ಕವಿತೆಯನ್ನು ಕೊನೆಯವರೆಗೆ ಓದಿದ್ದೇನೆ. ಅತ್ತೆ ಬಟಾಣಿ ಬಿಡಿಸುತ್ತಾ ಕೇಳಿ, "ಚೆನ್ನಾಗಿದೆ, ಸ್ವಲ್ಪ ಉದ್ದ ಆಯ್ತು" ಎಂದರು.

ಮಧ್ಯಾಹ್ನ ತಮ್ಮ ಕಿವಿಯ ವಿಭಾಗದ ಕಾರ್ಡು ಹಿಡಿದು ಬಂದರು. "ನೋಡು, ನನಗೂ ನಂಬರ್ ಕೊಟ್ಟಿದಾರೆ. ನಿಂದಕ್ಕಿಂತ ದೊಡ್ಡದಾ?"

೮೭೩೬೧೨. ಅಲ್ಪವಿರಾಮ ಹಾಕಿಕೊಟ್ಟೆ. "ದೊಡ್ಡದು" ಎಂದೆ.

"ಇದು ಸಾಲಲ್ಲಿ ನಿಲ್ಲುತ್ತಾ?"

ನನಗೆ ನೋಡಿದೊಡನೆ ಗೊತ್ತಾಗಿತ್ತು. ಎರಡರ ಸಾಲಲ್ಲಿ, ಮೂರರ ಸಾಲಲ್ಲಿ, ನಾಲ್ಕು, ಆರು, ಒಂಬತ್ತು, ಹನ್ನೆರಡರ ಸಾಲಲ್ಲಿ ನಿಲ್ಲುತ್ತದೆ, ಭಾಜಕಗಳನ್ನು ಕೂಡಿದರೆ ತನ್ನನ್ನೇ ಮೀರಿ ಉಕ್ಕುತ್ತದೆ. ಸಮೃದ್ಧ ಎಂಬ ಪದ ತುಟಿಯವರೆಗೆ ಬಂದಿತ್ತು. ತಡೆದುಕೊಂಡೆ.

ಪೆನ್ಸಿಲು ಅವರ ಕೈಗೆ ಕೊಟ್ಟು, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಎರಡರಿಂದ ಶುರು ಮಾಡಿದೆವು.